ತಾತ್ಕಾಲಿಕ ಇಮೇಲ್ ವಿಳಾಸ: ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು

ಕಳೆದ ಆಷಾಢದಲ್ಲಿ ನಮ್ಮ ತಂದೆಯವರ ವಿಮೆಯ ಕಂತು ಕಟ್ಟುವ ದಿನ ತಪ್ಪಿಹೋಯಿತು. ನೆನಪಿಸುವ ಇಮೇಲ್ ಬಂದಿರಲಿಲ್ಲವೇ ಎಂದು ಅವರ ಪಕ್ಕದಲ್ಲಿ ಕುಳಿತು ಹುಡುಕಿದೆ. ಬಂದಿತ್ತು, ಆದರೆ ಸೀರೆ ಮಳಿಗೆಯ ಆಷಾಢ ರಿಯಾಯಿತಿ, ಯಾರೂ ಕೇಳದ ಸಾಲದ ಮಂಜೂರಾತಿ, ಸೈಟು ಮಾರಾಟದ ಮೂರು ಪ್ರಕಟಣೆ, ಇವುಗಳ ಅಡಿಯಲ್ಲಿ ಎರಡು ಪುಟ ಕೆಳಗೆ ಹೂತುಹೋಗಿತ್ತು. ಇವರಿಗೆಲ್ಲ ವಿಳಾಸ ಸಿಕ್ಕಿದ್ದು ಹೇಗೆ ಎಂದು ಕೇಳಿದಾಗ ಅಪ್ಪ ಒಂದೊಂದಾಗಿ ನೆನಪು ಮಾಡಿಕೊಂಡರು: ಪಂಚಾಂಗದ ಪಿಡಿಎಫ್ ಇಳಿಸಿಕೊಳ್ಳಲು ಒಮ್ಮೆ, ವಸ್ತುಪ್ರದರ್ಶನದ ಲಕ್ಕಿ ಡ್ರಾ ಚೀಟಿಯಲ್ಲಿ ಒಮ್ಮೆ, ಹೋಟೆಲಿನ ವೈಫೈ ಪಡೆಯಲು ಮತ್ತೊಮ್ಮೆ ಅವರೇ ಬರೆದುಕೊಟ್ಟಿದ್ದರು. ಈ ಮೂರೂ ಕಡೆ ತಾತ್ಕಾಲಿಕ ವಿಳಾಸ ಸಾಕಾಗಿತ್ತು.

ತಾತ್ಕಾಲಿಕ ವಿಳಾಸ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಬಳಸಿ ಬಿಸಾಡುವ ವಿಳಾಸ. ಅದು ನಿಮ್ಮದಲ್ಲ, ಕೆಲವೇ ನಿಮಿಷ ಅಥವಾ ದಿನಗಳ ಮಟ್ಟಿಗೆ ನಿಮ್ಮ ಕೈಯಲ್ಲಿರುತ್ತದೆ. ಇನ್ನೊಂದು, ನಿಮ್ಮ ನಿಜವಾದ ವಿಳಾಸವನ್ನು ಮರೆಮಾಡಿ, ಬಂದ ಪತ್ರವನ್ನು ಮಾತ್ರ ನಿಮಗೆ ತಲುಪಿಸುವ ಅಲಿಯಾಸ್. ಯಾವುದನ್ನು ಬಳಸಬೇಕೆಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ಈ ಜಾಲತಾಣದಿಂದ ನಾಳೆ ಒಂದು ಪತ್ರ ಬಂದರೆ ಅದು ನನಗೆ ಬೇಕೇ? ಬೇಡವೆಂದು ಖಚಿತವಾಗಿದ್ದರೆ ಮಾತ್ರ ಬಿಸಾಡುವ ವಿಳಾಸ ಕೊಡಿ.

ಬಿಸಾಡುವ ವಿಳಾಸ ಪಡೆಯುವುದು ಬಹಳ ಸುಲಭ. ಟೆನ್ ಮಿನಿಟ್ ಮೇಲ್ ತಾಣವನ್ನು ತೆರೆದೊಡನೆ, ಹೆಸರು, ಫೋನ್ ಸಂಖ್ಯೆ ಯಾವುದನ್ನೂ ಕೇಳದೆ, ಒಂದು ವಿಳಾಸ ಪರದೆಯ ಮೇಲೆ ಕಾಣುತ್ತದೆ. ಅದನ್ನು ಕಾಪಿ ಮಾಡಿ, ಇಮೇಲ್ ಕೇಳುತ್ತಿರುವ ತಾಣದಲ್ಲಿ ಪೇಸ್ಟ್ ಮಾಡಿ. ಮೊದಲಿನ ಪುಟವನ್ನು ಮುಚ್ಚಬೇಡಿ, ಏಕೆಂದರೆ ದೃಢೀಕರಣದ ಲಿಂಕ್ ಅಥವಾ ಓಟಿಪಿ ಬರುವುದು ಅಲ್ಲಿಗೇ. ಹತ್ತು ನಿಮಿಷ ಸಾಲದಿದ್ದರೆ ಇನ್ನೂ ಹತ್ತು ನಿಮಿಷ ಪಡೆಯುವ ಗುಂಡಿ ಅಲ್ಲೇ ಇರುತ್ತದೆ. ಗೆರಿಲ್ಲಾ ಮೇಲ್ ತಾಣದಲ್ಲಿ ಬಂದ ಪತ್ರಗಳು ಒಂದು ಗಂಟೆ ಉಳಿಯುತ್ತವೆ, ಯೋಪ್‌ಮೇಲ್‌ನಲ್ಲಿ 8 ದಿನ. ಕೆಲವು ಜಾಲತಾಣಗಳು ಇಂಥ ವಿಳಾಸಗಳ ಪಟ್ಟಿ ಇಟ್ಟುಕೊಂಡು ಅವನ್ನು ತಿರಸ್ಕರಿಸುತ್ತವೆ. ಆಗ ಬೇರೆ ಸೇವೆಯನ್ನು ಪ್ರಯತ್ನಿಸಿ, ಇಲ್ಲವೇ ಮುಂದೆ ಹೇಳುವ ಅಲಿಯಾಸ್ ಬಳಸಿ.

ಈ ಸೇವೆಗಳ ಒಂದು ಗುಣವನ್ನು ಎಲ್ಲರೂ ತಿಳಿದಿರಲೇಬೇಕು. ಯೋಪ್‌ಮೇಲ್ ಮತ್ತು ಮೇಲಿನೇಟರ್‌ನ ಉಚಿತ ಇನ್‌ಬಾಕ್ಸ್‌ಗಳಿಗೆ ಪಾಸ್‌ವರ್ಡ್ ಇಲ್ಲ. ಅಲ್ಲಿ ಒಂದು ಸಾಮಾನ್ಯ ಹೆಸರನ್ನು ಟೈಪ್ ಮಾಡಿ ನೋಡಿ: ಆ ಹೆಸರಿಗೆ ಬಂದಿರುವ, ಪರಿಚಯವೇ ಇಲ್ಲದವರ ಪತ್ರಗಳು ನಿಮ್ಮ ಮುಂದೆ ತೆರೆದುಕೊಳ್ಳಬಹುದು. ನೀವು ಕೊಟ್ಟ ಹೆಸರನ್ನು ಊಹಿಸಿದವರು ನಿಮ್ಮ ಪತ್ರಗಳನ್ನೂ ಹಾಗೆಯೇ ಓದಬಲ್ಲರು. ಅಷ್ಟೇ ಅಲ್ಲ, ಆ ವಿಳಾಸದಿಂದ ನೀವು ತೆರೆದ ಖಾತೆಯಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬುದನ್ನು ಒತ್ತಿ, ಹೊಸ ಪಾಸ್‌ವರ್ಡಿನ ಲಿಂಕನ್ನು ಅಲ್ಲಿಂದಲೇ ಪಡೆದು, ಖಾತೆಯನ್ನೇ ತಮ್ಮದಾಗಿಸಿಕೊಳ್ಳಬಲ್ಲರು. ನನ್ನ ಚಿಕ್ಕಪ್ಪನ ಮಗ ಒಂದು ಆನ್‌ಲೈನ್ ತರಬೇತಿಗೆ ಹತ್ತು ನಿಮಿಷದ ವಿಳಾಸ ಕೊಟ್ಟು ಸೇರಿಕೊಂಡಿದ್ದ. ಮೊದಲು ಅದು ಉಚಿತವಾಗಿತ್ತು, ಆಮೇಲೆ ಇಷ್ಟವಾಗಿ ಅದೇ ಖಾತೆಯಲ್ಲಿ ಹಣ ಕಟ್ಟಿದ. ಫೋನ್ ಬದಲಾಯಿಸಿದ ದಿನ ಪಾಸ್‌ವರ್ಡ್ ನೆನಪಾಗಲಿಲ್ಲ, ಮರಳಿ ಪಡೆಯುವ ಪತ್ರ ಹೋಗಬೇಕಾದ ವಿಳಾಸವೇ ಉಳಿದಿರಲಿಲ್ಲ.

ಆದ್ದರಿಂದ ಬ್ಯಾಂಕು, ಆದಾಯ ತೆರಿಗೆ, ಡಿಜಿಲಾಕರ್, ಐಆರ್‌ಸಿಟಿಸಿ, ಸೇವಾ ಸಿಂಧು, ಆಸ್ಪತ್ರೆಯ ವರದಿ, ಉದ್ಯೋಗದ ಅರ್ಜಿ, ದೊಡ್ಡ ಮೊತ್ತ ಕಟ್ಟುವ ಯಾವುದೇ ಖರೀದಿ, ಇವಕ್ಕೆಲ್ಲ ನಿಮ್ಮ ನಿಜವಾದ ವಿಳಾಸವನ್ನೇ ಕೊಡಿ. ಸಿಇಟಿ ಅರ್ಜಿ ತುಂಬುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ: ಅರ್ಜಿಯಿಂದ ಸೀಟು ಹಂಚಿಕೆಯವರೆಗೆ ತಿಂಗಳುಗಟ್ಟಲೆ ಆ ಖಾತೆ ಬೇಕಾಗುತ್ತದೆ, ಸೈಬರ್ ಕೆಫೆಯವರು ಆತುರದಲ್ಲಿ ಯಾವುದೋ ವಿಳಾಸ ಹಾಕಲು ಬಿಡಬೇಡಿ.

ಬಿಸಾಡುವ ವಿಳಾಸ ಸಾಕಾಗುವ ಕಡೆ, ನಿಜವಾದ ವಿಳಾಸವೇ ಬೇಕಾಗುವ ಕಡೆ, ಇವೆರಡರ ನಡುವೆ ದೊಡ್ಡ ಪ್ರದೇಶವೊಂದಿದೆ: ಒಮ್ಮೊಮ್ಮೆ ಖರೀದಿಸುವ ಅಂಗಡಿ, ಓದಲು ಇಷ್ಟಪಡುವ ಸುದ್ದಿಪತ್ರ, ಸಿನಿಮಾ ಟಿಕೆಟ್ ಕಾಯ್ದಿರಿಸುವ ಆ್ಯಪ್. ಇಲ್ಲಿ ಪತ್ರವೂ ಬೇಕು, ಬೇಡವೆನಿಸಿದಾಗ ನಿಲ್ಲಿಸುವ ಅಧಿಕಾರವೂ ನಮ್ಮಲ್ಲಿರಬೇಕು. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ ಬಳಸುವ ಅಲಿಯಾಸ್. ಫೈರ್‌ಫಾಕ್ಸ್ ರಿಲೇ 5 ವಿಳಾಸಗಳನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿ ಖಾತೆ ತೆರೆದು ಹೊಸ ವಿಳಾಸವೊಂದನ್ನು ಸೃಷ್ಟಿಸಿ, ಯಾವ ಅಂಗಡಿಗಾಗಿ ಎಂದು ಪಕ್ಕದಲ್ಲಿ ಹೆಸರು ಬರೆದಿಟ್ಟುಕೊಳ್ಳಿ. ಅಲ್ಲಿಗೆ ಬಂದ ಪತ್ರ ನಿಮ್ಮ ಎಂದಿನ ಇನ್‌ಬಾಕ್ಸ್‌ಗೇ ಬರುತ್ತದೆ. ಕಿರಿಕಿರಿ ಶುರುವಾದ ದಿನ ಆ ಒಂದು ವಿಳಾಸವನ್ನು ತಡೆಹಿಡಿದರೆ ಉಳಿದವಕ್ಕೆ ಏನೂ ಆಗುವುದಿಲ್ಲ. ಡಕ್‌ಡಕ್‌ಗೋ ಕೊಡುವ ವಿಳಾಸವೂ ಉಚಿತವೇ. ಪತ್ರವನ್ನು ನೀವು ತೆರೆದಿರೆಂದು ಕಳುಹಿಸಿದವರಿಗೆ ಗುಟ್ಟಾಗಿ ತಿಳಿಸುವ ಅದೃಶ್ಯ ಚಿತ್ರಗಳನ್ನು ಅದು ತೆಗೆದುಹಾಕಿ ಕಳಿಸುತ್ತದೆ. ಐಫೋನ್ ಇರುವವರು 'ಆ್ಯಪಲ್ ಮೂಲಕ ಸೈನ್ ಇನ್' ಮಾಡುವಾಗ ಇಮೇಲ್ ಮರೆಮಾಡುವ ಆಯ್ಕೆಯನ್ನು ಒತ್ತಬಹುದು.

ಹೊಸ ಸೇವೆಯೇ ಬೇಡವೆನ್ನುವವರಿಗೆ ಜಿಮೇಲ್‌ನಲ್ಲೇ ಒಂದು ದಾರಿಯಿದೆ. ನಿಮ್ಮ ವಿಳಾಸದಲ್ಲಿ ಹೆಸರು ಮುಗಿದು ಆ್ಯಟ್ ಚಿಹ್ನೆ ಬರುವ ಮೊದಲು ಪ್ಲಸ್ ಚಿಹ್ನೆ ಹಾಕಿ, 'ಸೀರೆ' ಎಂದೋ 'ಲಕ್ಕಿಡ್ರಾ' ಎಂದೋ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಪತ್ರ ನಿಮಗೇ ಬರುತ್ತದೆ, ಜೊತೆಗೆ ಯಾರು ನಿಮ್ಮ ವಿಳಾಸವನ್ನು ಇತರರಿಗೆ ಕೊಟ್ಟರೆಂಬುದೂ ಆ ಪದದಿಂದ ಗೊತ್ತಾಗುತ್ತದೆ. ಅಂಥ ಪತ್ರಗಳನ್ನು ಪಕ್ಕಕ್ಕೆ ಸರಿಸಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹುಡುಕುವ ಪೆಟ್ಟಿಗೆಯ ಬಲತುದಿಯ ಚಿಹ್ನೆಯನ್ನು ಒತ್ತಿ, 'ಟು' ಎಂಬ ಜಾಗದಲ್ಲಿ ಪ್ಲಸ್ ಇರುವ ಪೂರ್ತಿ ವಿಳಾಸ ಬರೆದು ಫಿಲ್ಟರ್ ಸೃಷ್ಟಿಸಬೇಕು. ಮೊಬೈಲ್ ಆ್ಯಪ್‌ನಲ್ಲಿ ಈ ಸೌಲಭ್ಯವಿಲ್ಲ. ಆದರೆ ಪ್ಲಸ್ ನಂತರದ ಭಾಗವನ್ನು ಕಿತ್ತುಹಾಕಿದರೆ ನಿಮ್ಮ ಮೂಲ ವಿಳಾಸ ಯಾರಿಗಾದರೂ ಸಿಗುತ್ತದೆ, ಆದ್ದರಿಂದ ಇದು ವಿಂಗಡಿಸುವ ಉಪಾಯವೇ ಹೊರತು ಮರೆಮಾಡುವ ಉಪಾಯವಲ್ಲ.

ಈಗಾಗಲೇ ತುಂಬಿಹೋದ ಇನ್‌ಬಾಕ್ಸ್‌ಗೆ ತಾತ್ಕಾಲಿಕ ವಿಳಾಸದಿಂದ ಪರಿಹಾರವಿಲ್ಲ. ಅದಕ್ಕೆ ಅನ್‌ಸಬ್‌ಸ್ಕ್ರೈಬ್ ಮಾಡುತ್ತ ಹೋಗಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ತಮ್ಮ ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿಗೆ ಚಂದಾ ಬಿಡಿಸಿಕೊಳ್ಳುವ ವ್ಯವಸ್ಥೆ ಇಡಬೇಕೆಂದು 2024ರಲ್ಲಿ ಗೂಗಲ್ ಕಡ್ಡಾಯ ಮಾಡಿತು, ಹಾಗಾಗಿ ಈ ಕೆಲಸ ಮೊದಲಿನಷ್ಟು ಕಷ್ಟವಲ್ಲ. ಅಪ್ಪ ಮತ್ತು ನಾನು ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತು, ಗೊತ್ತಿರುವ ಅಂಗಡಿಗಳಿಂದ ಬಂದ ಪತ್ರ ತೆರೆದು, ಕಳುಹಿಸಿದವರ ಹೆಸರಿನ ಪಕ್ಕದಲ್ಲೇ ಕಾಣುವ 'ಅನ್‌ಸಬ್‌ಸ್ಕ್ರೈಬ್' ಎಂಬ ಪದವನ್ನು ಒತ್ತುತ್ತ ಹೋದೆವು. ಹೆಸರೇ ಕೇಳಿರದವರಿಂದ ಬಂದ ಪತ್ರದೊಳಗಿನ ಲಿಂಕನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ಅದನ್ನು ಒತ್ತಿದರೆ ಈ ವಿಳಾಸದಲ್ಲಿ ಓದುವವರೊಬ್ಬರು ಇದ್ದಾರೆಂದು ಅವರಿಗೆ ಖಾತ್ರಿಯಾಗುತ್ತದೆ. ಅವನ್ನು ಸ್ಪ್ಯಾಮ್ ಎಂದು ಗುರುತಿಸಿ ಬಿಟ್ಟೆವು.