ಚೀಸ್ ಬೋರ್ಡಿಗೆ ಜಾಮ್ ಬದಲು ಪೆರಾಡ್ ಇಡಿ

ಚೀಸ್, ಹ್ಯಾಮ್, ಸಲಾಮಿ ಜೋಡಿಸಿ ಶಾರ್ಕ್ಯುಟರಿ ಬೋರ್ಡ್ ಮಾಡುವವರು ಜಾಮ್ ಬಾಟಲಿ ತೆರೆಯುವ ಮೊದಲು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಡಬ್ಬಿ ನೋಡಿ. ಅದರಲ್ಲಿರುವ ಪೆರಾಡನ್ನು, ಅಂದರೆ ಪೇರಳೆ ಹಣ್ಣಿನ ಗಟ್ಟಿ ಸಿಹಿಯನ್ನು, ತೆಳುವಾಗಿ ಕೊಯ್ದು ಹಳೆ ಚೆಡಾರ್ ಅಥವಾ ಗೌಡಾ ಚೀಸಿನ ಮೇಲಿಡಿ. ಉಪ್ಪು, ಕೊಬ್ಬು ಜಾಸ್ತಿ ಇರುವ ಚೀಸಿಗೆ ಹಣ್ಣಿನ ಸಿಹಿಯ ಜೊತೆ ಸ್ವಲ್ಪ ಹುಳಿಯೂ ಬೇಕು. ಬರೀ ಸಕ್ಕರೆಯಾದರೆ ಎರಡನೇ ತುಂಡಿಗೇ ಸಾಕೆನಿಸುತ್ತದೆ. ಮತ್ತೆ ನಮ್ಮ ಮಂಗಳೂರಿನ ಸೆಕೆಗೆ ಜಾಮ್ ಹರಿದು ಬಿಸ್ಕತ್ತು ಮೆತ್ತಗಾಗುತ್ತದೆ, ಪೆರಾಡ್ ಕೊಯ್ದ ಹಾಗೇ ಕೂತಿರುತ್ತದೆ. ಸ್ಪೇನಿನವರು ಮಾಂಚೆಗೊ ಚೀಸಿನ ಜೊತೆ ಕ್ವಿನ್ಸ್ ಹಣ್ಣಿನ ಗಟ್ಟಿ ಪೇಸ್ಟ್ ತಿನ್ನುವುದೂ ಇದೇ ಲೆಕ್ಕದಲ್ಲಿ. ಪೆರಾಡ್ ಸಿಗದಿದ್ದರೆ ಅಂಗಡಿಯ ಅನಾನಸ್ ಜಾಮ್ ಆಗಬಹುದು. 4 ದೊಡ್ಡ ಚಮಚ ಜಾಮಿಗೆ 1 ಸಣ್ಣ ಚಮಚ ಲಿಂಬೆರಸ, ಚಿಟಿಕೆ ಜಜ್ಜಿದ ಒಳ್ಳೆಮೆಣಸು ಹಾಕಿ ಕಲಸಿ. ಹ್ಯಾಮಿಗಂತೂ ಇದು ಪೆರಾಡಿಗಿಂತಲೂ ಚೆನ್ನಾಗಿ ಹೊಂದುತ್ತದೆ. ಮಿಕ್ಸೆಡ್ ಫ್ರೂಟ್ ಜಾಮ್ ಮಾತ್ರ ಮಕ್ಕಳ ಬ್ರೆಡ್ಡಿಗೇ ಇರಲಿ, ಅದರಲ್ಲಿ ಯಾವ ಹಣ್ಣು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ಕ್ಯೂಬ್‌ಗಳಲ್ಲಿ ಬರುವ ಪ್ರೊಸೆಸ್ಡ್ ಚೀಸಿಗೆ ಈ ಉಪಾಯ ನಡೆಯುವುದಿಲ್ಲ. ಪೆರಾಡಿನ ಎದುರು ಅದರ ರುಚಿ ಸತ್ತೇ ಹೋಗುತ್ತದೆ. ಗೋವಾ ಸಾಸೇಜ್ ಬೇಯಿಸಿ ಇಡುವುದಾದರೆ ಲಿಂಬೆರಸ ಹಾಕಿದ ಜಾಮ್ ದೂರವಿಡಿ. ಸಾಸೇಜಿನಲ್ಲಿ ಮೊದಲೇ ವಿನೆಗರ್, ಖಾರ ಎರಡೂ ಇವೆ, ಸುಮ್ನೆ ಒಂದು ತುಂಡು ಸಿಹಿ ಪೆರಾಡ್ ಸಾಕು. ಪೆರಾಡ್ ಕೊಯ್ಯುವಾಗ ಚಾಕುವಿಗೆ ಅಂಟಿದರೆ ಬಿಸಿನೀರಲ್ಲಿ ಅದ್ದಿ ಒರೆಸಿಕೊಳ್ಳಿ.