ಜರ್ಮನಿಯಲ್ಲಿ ಹಳೇ ಬ್ಯಾಟರಿ ಎಲ್ಲಿ ಕೊಡಬೇಕು? ಹೊಸದಾಗಿ ಹೋದ ಮಂಗಳೂರು-ಉಡುಪಿಯವರಿಗೆ

ನಮ್ಮ ಕಡೆ ಹಳೇ ಸಾಮಾನು ಗುಜರಿಗೆ ಹೋಗುತ್ತದೆ. ಅವರು ತೂಕ ಹಾಕಿ ದುಡ್ಡು ಕೊಡುತ್ತಾರೆ, ಮತ್ತೆ ನಮಗೆ ಅದರ ಚಿಂತೆ ಇಲ್ಲ. ಜರ್ಮನಿಯಲ್ಲಿ ಬ್ಯಾಟರಿಯನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವ ಕೆಲಸ ನಿಮ್ಮದೇ.

ಮನೆಯ ಕಸದ ಡಬ್ಬಿಗೆ ಬ್ಯಾಟರಿ ಹಾಕುವಂತಿಲ್ಲ, ಕಾನೂನೇ ಹಾಗಿದೆ. ಕಸದ ಲಾರಿಯಲ್ಲಿ ಜಜ್ಜಿ ಹೋದ ಲಿಥಿಯಂ ಬ್ಯಾಟರಿ ಒಳಗೇ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು.

ಕೊಡುವುದೇನೂ ಕಷ್ಟವಿಲ್ಲ. ಬ್ಯಾಟರಿ ಮಾರುವ ಅಂಗಡಿಯವರು ಅದೇ ಥರದ ಹಳೆಯದನ್ನು ಪುಕ್ಕಟೆಯಾಗಿ ವಾಪಸ್ ತೆಗೆದುಕೊಳ್ಳಲೇಬೇಕು. ರೆವೆ, ಲಿಡ್ಲ್, ಡಿಎಂ ಅಂಗಡಿಗಳಲ್ಲಿ ಅದಕ್ಕೆಂದೇ ಪೆಟ್ಟಿಗೆ ಇಟ್ಟಿರುತ್ತಾರೆ. ಹಾಕುವ ಮೊದಲು ಲೋಹದ ತುದಿಗಳಿಗೆ ಟೇಪ್ ಅಂಟಿಸಿ. ಬ್ಯಾಟರಿ ಬಿಚ್ಚಲಾಗದ ಫೋನನ್ನು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹಾಗೇ ಕೊಡಿ. ಇ-ಸೈಕಲ್‌ನದ್ದಾದರೆ ಸೈಕಲ್ ಅಂಗಡಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಪೆಟ್ಟಿಗೆಗೆ ಹಾಕಬೇಡಿ. ನಗರಾಡಳಿತದ ಸಂಗ್ರಹ ಕೇಂದ್ರಕ್ಕೆ, ಅಂದರೆ ವೆರ್ಟ್‌ಸ್ಟೋಫ್‌ಹೋಫ್‌ಗೆ, ಮೊದಲು ಫೋನ್ ಮಾಡಿ ಕೇಳಿ.

ಊರಿಗೆ ಹೋದಾಗ ಹಂಪನಕಟ್ಟೆಯಲ್ಲಿ ಕಡಿಮೆಗೆ ರಿಪೇರಿ ಆಗುತ್ತದೆ ಅಂತ ಉಬ್ಬಿದ ಲ್ಯಾಪ್‌ಟಾಪ್ ಹಿಡಿದು ಬಜ್ಪೆ ವಿಮಾನ ಹತ್ತಬೇಡಿ, ದಯವಿಟ್ಟು. ಹಾಳಾದ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? ಮುಂದಿನ ಕೆಲಸ ನೋಡಿದರೆ ಗೊತ್ತಾಗುತ್ತದೆ. ಬ್ಯಾಟರಿಯಲ್ಲಿ ಉಳಿದ ಚಾರ್ಜ್ ಇಳಿಸಿ ಪುಡಿ ಮಾಡುತ್ತಾರೆ. ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬೇರೆಯಾಗುತ್ತದೆ. ಕೊನೆಗೆ ಮಸಿಯಂಥ ಕಪ್ಪು ಪುಡಿ ಉಳಿಯುತ್ತದೆ. ಅದೇ ನಿಜವಾದ ಆಸ್ತಿ! ಲಿಥಿಯಂ, ನಿಕಲ್, ಕೋಬಾಲ್ಟ್ ಇರುವುದು ಅದರಲ್ಲೇ. ಆಸಿಡ್‌ನಲ್ಲಿ ಕರಗಿಸಿ ಒಂದೊಂದನ್ನೇ ಹೊರತೆಗೆದರೆ ಹೊಸ ಇವಿ ಬ್ಯಾಟರಿಗೆ ಕಚ್ಚಾ ವಸ್ತು ಸಿದ್ಧ. 2024ರಲ್ಲಿ ಮರ್ಸಿಡಿಸ್ ಕಂಪನಿ ಕುಪ್ಪೆನ್‌ಹೈಮ್‌ನಲ್ಲಿ ಇಂಥ ಕಾರ್ಖಾನೆ ತೆರೆಯಿತು, ವರ್ಷಕ್ಕೆ 2,500 ಟನ್ ಸಾಮರ್ಥ್ಯದ್ದು. ಅಲ್ಲಿಗೆ ಹೋಗುವುದು ಕಾರಿನ ಬ್ಯಾಟರಿ. ನಿಮ್ಮ ಫೋನಿನದ್ದು ಬೇರೆ ಕಡೆ ಹೋದರೂ ಒಳಗಿನ ಸರಕು ಹೆಚ್ಚುಕಮ್ಮಿ ಅದೇ.

2023ರ ಯುರೋಪಿನ ಬ್ಯಾಟರಿ ಕಾಯ್ದೆ ಇದಕ್ಕೆ ಇನ್ನೂ ಬಲ ಕೊಟ್ಟಿದೆ. 2031ರಿಂದ ಇವಿ ಬ್ಯಾಟರಿಯಲ್ಲಿ ಬಳಸುವ ಕೋಬಾಲ್ಟ್‌ನಲ್ಲಿ ಕನಿಷ್ಠ 16%, ಲಿಥಿಯಂ ಮತ್ತು ನಿಕಲ್‌ನಲ್ಲಿ 6% ಮರುಬಳಕೆಯದ್ದೇ ಆಗಿರಬೇಕು. ಜನ ಹಳೆಯದನ್ನು ಡ್ರಾಯರ್‌ನಲ್ಲೇ ಇಟ್ಟುಕೊಂಡರೆ ಅಷ್ಟು ಸರಕು ಎಲ್ಲಿಂದ ಬರಬೇಕು, ಅಲ್ವಾ?

ಊರಲ್ಲಿರುವ ಅಪ್ಪ-ಅಮ್ಮನಿಗೂ ಒಂದು ಮಾತು ಹೇಳಿ. 2022ರ ನಿಯಮದ ಪ್ರಕಾರ ಭಾರತದಲ್ಲೂ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆ ತಯಾರಕರದ್ದು. ಒಣಕಸದ ಜೊತೆ ಸೇರಿಸಿ ಪಚ್ಚನಾಡಿಗೆ ಕಳಿಸುವ ಬದಲು, ಕೊಂಡ ಅಂಗಡಿಯಲ್ಲಿ ವಿಚಾರಿಸಲಿ.