ಮೂರು ಚಕ್ರ ಇದ್ದರೆ ಸಾಲದು, ಸೀಟು ಎಲ್ಲಿದೆ ನೋಡಿ: ಎರಡು ರಿಕಂಬೆಂಟ್ ಟ್ರೈಕ್ ಮಾಡಿ ಓಡಿಸಿದ ನನ್ನ ಅನುಭವ

ರಿಕಂಬೆಂಟ್ ಟ್ರೈಕ್, ಅಂದರೆ ಒರಗಿ ಕೂತು ತುಳಿಯುವ ಮೂರು ಚಕ್ರದ ಸೈಕಲ್ ನೋಡಿದವರು ಮೊದಲು ಚಕ್ರ ಎಣಿಸುತ್ತಾರೆ. ಮೂರಿದೆ, ಇನ್ನೇನು ಬೀಳಲ್ಲ ಬಿಡಿ ಅಂತಾರೆ. ನಾನು ಮೊದಲು ನೋಡುವುದು ಸೀಟು. ಅದು ನೆಲದಿಂದ ಎಷ್ಟು ಎತ್ತರ, ಅಕ್ಕಪಕ್ಕ ಇರುವ ಜೋಡಿ ಚಕ್ರಕ್ಕೆ ಎಷ್ಟು ಹತ್ತಿರ. ಇವೆರಡು ಗೊತ್ತಾದರೆ ತಿರುವಿನಲ್ಲಿ ಆ ಗಾಡಿ ಹೇಗೆ ನಡೆದುಕೊಳ್ಳುತ್ತೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ತುಮಕೂರಿನ ಅಂತರಸನಹಳ್ಳಿ ಕಡೆ ನನ್ನದೊಂದು ಚಿಕ್ಕ ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಇದೆ. ಗೇಟು, ಗ್ರಿಲ್, ಟ್ರಾಲಿ ಕೆಲಸ. ನಮ್ಮ ಭಾವ ವರ್ಷಗಟ್ಟಲೆ ಸೈಕಲ್ ತುಳಿದವರು. ಕಿವಿಯ ಒಳಗಿನ ತೊಂದರೆಯಿಂದ ತಲೆಸುತ್ತು ಶುರುವಾಗಿ ಬ್ಯಾಲೆನ್ಸ್ ಹೋಯಿತು, ಸೈಕಲ್ ಮೂಲೆ ಸೇರಿತು. ಒಂದು ದಿನ ಶಾಪಿಗೆ ಬಂದು, "ದಿನಾ ಕಬ್ಬಿಣ ಸುಡ್ತಿಯಲ್ಲಪ್ಪಾ, ನಂಗೊಂದು ಬೀಳದೇ ಇರೋ ಸೈಕಲ್ ಮಾಡ್ಕೊಡು" ಅಂದರು. ಅಲ್ಲಿಂದ ಶುರು.

ಇದರಲ್ಲಿ ಎರಡು ಜಾತಿ. ಮುಂದೆ ಎರಡು ಚಕ್ರ, ಹಿಂದೆ ಒಂದು ಇದ್ದರೆ ಟ್ಯಾಡ್‌ಪೋಲ್. ಮುಂದೆ ಒಂದು, ಹಿಂದೆ ಎರಡು ಇದ್ದರೆ ಡೆಲ್ಟಾ. ಇಂಗ್ಲೆಂಡಿನ ಐಸ್, ಅಮೆರಿಕದ ಕ್ಯಾಟ್ರೈಕ್, ಜರ್ಮನಿಯ ಎಚ್‌ಪಿ ವೆಲೊಟೆಕ್ನಿಕ್ ಕಂಪನಿಯ ಸ್ಕಾರ್ಪಿಯನ್, ಇವೆಲ್ಲ ಟ್ಯಾಡ್‌ಪೋಲ್. ಜರ್ಮನಿಯದ್ದೇ ಹಾಸೆ ಕೆಟ್‌ವೀಸೆಲ್ ಡೆಲ್ಟಾ. ಒಳ್ಳೆಯದೊಂದನ್ನು ಹೊರಗಿನಿಂದ ತರಿಸಲು ಹೋದರೆ ಸೈಕಲ್ಲಿನ ದುಡ್ಡಲ್ಲ, ಮೋಟರ್‌ಬೈಕಿನ ದುಡ್ಡು ಬೇಕು. ಅದಕ್ಕೆ ಎರಡೂ ಜಾತಿಯಲ್ಲಿ ಒಂದೊಂದು ನಾನೇ ಕಟ್ಟಿದೆ. ಭಾವನ ಮೊಣಕಾಲೂ ಸ್ವಲ್ಪ ನೋವು, ತಗ್ಗಿ ಕೂರುವುದು ಕಷ್ಟ. ಹಾಗಾಗಿ ಡೆಲ್ಟಾದ ಸೀಟನ್ನು ಕುರ್ಚಿ ಎತ್ತರಕ್ಕೆ, 50 ಸೆಂ.ಮೀ.ಗೆ ಇಟ್ಟೆ. ಟ್ಯಾಡ್‌ಪೋಲ್‌ದು 28 ಸೆಂ.ಮೀ. ಜೋಡಿ ಚಕ್ರಗಳ ನಡುವಿನ ಅಗಲ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ರಸ್ತೆಗೆ ಇಳಿಸುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಯಾರು ಬೇಕಾದರೂ ಮಾಡಬಹುದು. ದಪ್ಪ ಪ್ಲೈವುಡ್ ಶೀಟ್ ನೆಲಕ್ಕೆ ಹಾಕಿ ಅದರ ಮೇಲೆ ಟ್ರೈಕನ್ನು ಉದ್ದಕ್ಕೆ ನಿಲ್ಲಿಸಿದೆ. ಒಂದು ಪಕ್ಕದ ಟೈರುಗಳಿಗೆ ಒತ್ತಿಕೊಂಡ ಹಾಗೆ ಮರದ ರೀಪರ್ ಹೊಡೆದೆ, ಗಾಡಿ ಜಾರಬಾರದು ಅಂತ. ಬ್ರೇಕ್ ಕಟ್ಟಿದೆ. ಹುಡುಗನೊಬ್ಬ ಸೀಟಿನಲ್ಲಿ ಕೂತ, ಇನ್ನಿಬ್ಬರು ಪಕ್ಕದಲ್ಲಿ ಹಿಡಿಯಲು ನಿಂತರು. ಶೀಟಿನ ಇನ್ನೊಂದು ಅಂಚನ್ನು ಚೈನ್ ಪುಲ್ಲಿಯಿಂದ ಮೆಲ್ಲಗೆ ಎತ್ತುತ್ತಾ ಹೋದೆ. ಶೀಟಿನ ಮೇಲೆ ಫೋನ್ ಇಟ್ಟರೆ ಅದರ ಲೆವೆಲ್ ಆ್ಯಪ್ ಎಷ್ಟು ಡಿಗ್ರಿ ಅಂತ ತೋರಿಸುತ್ತೆ. ಮೇಲಿನ ಚಕ್ರದ ಕೆಳಗೆ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿಸಿದ್ದೆ. ಕಾರ್ಡ್ ಸಲೀಸಾಗಿ ಈಚೆ ಬಂದರೆ ಚಕ್ರ ಎದ್ದಿದೆ ಅಂತ ಅರ್ಥ. ಡೆಲ್ಟಾ 22 ಡಿಗ್ರಿಗೇ ಎದ್ದಿತು. ಟ್ಯಾಡ್‌ಪೋಲ್ 32 ಡಿಗ್ರಿವರೆಗೆ ಅಲುಗಲಿಲ್ಲ.

ಈ ಡಿಗ್ರಿಯನ್ನು ವೇಗಕ್ಕೆ ತಿರುಗಿಸಬಹುದು. 8 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಮೈ ಬಗ್ಗಿಸದೆ ಸುಮ್ನೆ ಕೂತಿದ್ದರೆ, ಡೆಲ್ಟಾ ಗಂಟೆಗೆ 20 ಕಿ.ಮೀ. ಸುಮಾರಿಗೆ ಒಳಗಿನ ಚಕ್ರ ಎತ್ತುತ್ತೆ. ಟ್ಯಾಡ್‌ಪೋಲ್ 25ಕ್ಕೆ. ಐದೇ ಕಿ.ಮೀ. ವ್ಯತ್ಯಾಸ ಅನ್ನಿಸಬಹುದು. ಆದರೆ ದೇವರಾಯನದುರ್ಗದ ಇಳಿಜಾರಿನಲ್ಲಿ ಸೈಕಲ್ ತುಳಿಯದೆಯೇ 40 ದಾಟುತ್ತೆ. ಅಲ್ಲಿ ತಿರುವಿಗೆ ಮುಂಚೆ ವೇಗ ಇಳಿಸಲೇಬೇಕು, ಯಾವ ಟ್ರೈಕ್ ಆದರೂ. ತಿರುವಿನ ಒಳಮಗ್ಗುಲಿಗೆ ಭುಜ, ತಲೆ ಚೆನ್ನಾಗಿ ವಾಲಿಸಿದರೆ ಸ್ವಲ್ಪ ಹೆಚ್ಚಿಗೆ ತಡೆಯುತ್ತೆ. ಇದು ಅಭ್ಯಾಸದಿಂದ ಬರಬೇಕು. ಎರಡು ಚಕ್ರದ ಸೈಕಲ್ ತಾನೇ ವಾಲುತ್ತೆ, ಟ್ರೈಕ್ ವಾಲಲ್ಲ, ನಾವೇ ವಾಲಬೇಕು.

ಇನ್ನು ಬ್ರೇಕ್. ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ನುಗ್ಗುತ್ತೆ ಅಲ್ವಾ? ಟ್ಯಾಡ್‌ಪೋಲ್‌ನಲ್ಲಿ ಮುಂದೆ ಅಗಲ ಇದೆ, ಆ ತೂಕ ಎರಡು ಚಕ್ರದ ನಡುವೆ ಬಂದು ಕೂರುತ್ತೆ. ಡೆಲ್ಟಾದಲ್ಲಿ ಮುಂದೆ ಇರುವುದು ಒಂದೇ ಚಕ್ರ, ಮೂರು ಚಕ್ರ ಸೇರಿ ಆಗುವ ತ್ರಿಕೋನದ ಚೂಪು ತುದಿ. ತಿರುವಿನ ಮಧ್ಯೆ ಗಾಬರಿಯಾಗಿ ಬ್ರೇಕ್ ಒತ್ತಿದರೆ ತೂಕವೆಲ್ಲ ಆ ಚೂಪಿನ ಕಡೆಗೇ ಹೋಗಿ ಗಾಡಿ ಹೊರಗಡೆಗೆ ಮಗುಚುವ ಸಾಧ್ಯತೆ ಜಾಸ್ತಿ. ಡೆಲ್ಟಾ ಓಡಿಸುವವರಿಗೆ ನಾನು ಮೊದಲು ಹೇಳುವುದೇ ಇದು: ನೇರ ಇರುವಾಗಲೇ ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ. ಟ್ಯಾಡ್‌ಪೋಲ್‌ಗೆ ಬೇರೆ ಸ್ವಭಾವ. ಮುಂದಿನ ಎರಡಕ್ಕೂ ಡಿಸ್ಕ್ ಬ್ರೇಕ್ ಇರುವುದರಿಂದ ಜೋರಾಗಿ ಹಿಡಿದರೆ ಹಿಂದಿನ ಚಕ್ರ ನೆಲ ಬಿಡುತ್ತೆ. ಒಂದೇ ಕಡೆಯ ಬ್ರೇಕ್ ಹಿಡಿದರೆ ಆ ಕಡೆಗೆ ಎಳೆಯುತ್ತೆ. ಈ ಎಳೆತ ಕಡಿಮೆ ಮಾಡಲು ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು, ಓರೆಯಾಗಿರಬೇಕು, ಅದರ ಗೆರೆಯನ್ನು ಕೆಳಕ್ಕೆ ಎಳೆದರೆ ಟೈರು ನೆಲ ಮುಟ್ಟುವ ಜಾಗಕ್ಕೇ ಬರಬೇಕು. ಇದಕ್ಕೆ ಕಬ್ಬಿಣದ ಸರಳು ತೂರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಯೇ ವೆಲ್ಡ್ ಮಾಡಿದ್ದು.

ಹ್ಯಾಂಡ್ಲಿಂಗ್ ವಿಷಯದಲ್ಲಿ ಟ್ಯಾಡ್‌ಪೋಲ್ ಮಾಡುವುದೇ ಕಷ್ಟ, ಓಡಿಸುವುದು ಸುಖ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಇಲ್ಲದಿದ್ದರೆ ಟೈರು ಉಜ್ಜಿಕೊಂಡು ಸವೆಯುತ್ತೆ. ಕಿಂಗ್‌ಪಿನ್‌ನಿಂದ ಹಿಂದಿನ ಆಕ್ಸಲ್ ಮಧ್ಯಕ್ಕೆ ದಾರ ಕಟ್ಟಿ, ಆ ದಾರದ ಗೆರೆಯ ಮೇಲೇ ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಆರ್ಮ್‌ನ ತೂತು ಬರುವಂತೆ ಹಾಕಿದೆ. ಮುಂದಿನ ಚಕ್ರಕ್ಕೆ ಒಂದೇ ಕಡೆ ಆಧಾರ, ಮಾಮೂಲಿ ಸೈಕಲ್ ಹಬ್ (ಚಕ್ರದ ನಡುವಿನ ಭಾಗ) ಅದಕ್ಕೆ ಆಗಲ್ಲ. ಲೇತ್‌ನಲ್ಲಿ ಹಬ್ ತಿರುವಿಸಿ, 12 ಮಿ.ಮೀ. ಶಾಫ್ಟ್ ಕೂರುವ 6001 ಬೇರಿಂಗ್ ಹಾಕಿದೆ. ಡೆಲ್ಟಾದಲ್ಲಿ ಈ ರಗಳೆ ಯಾವುದೂ ಇಲ್ಲ, ಮುಂದೆ ಮಾಮೂಲಿ ಸೈಕಲ್ ಫೋರ್ಕ್. ತಿರುಗುವ ಜಾಗವೂ ಅದಕ್ಕೆ ಕಮ್ಮಿ ಸಾಕು. ನಮ್ಮ ಓಣಿಯಲ್ಲಿ ಟ್ಯಾಡ್‌ಪೋಲ್ ಹಿಂದೆ ಮುಂದೆ ಮಾಡಿ ತಿರುಗಿಸಬೇಕು, ಡೆಲ್ಟಾ ಒಂದೇ ಸಲಕ್ಕೆ ತಿರುಗುತ್ತೆ.

ಏರು ರಸ್ತೆಯಲ್ಲಿ ಮಾತ್ರ ಎರಡೂ ಖುಷಿ ಕೊಡುತ್ತವೆ. ನಾಮದ ಚಿಲುಮೆ ದಾಟಿ ಬೆಟ್ಟ ಹತ್ತುವಾಗ ನಡೆಯುವಷ್ಟು ನಿಧಾನ ಹೋದರೂ ಬೀಳುವ ಮಾತಿಲ್ಲ. ಸಣ್ಣ ಗೇರ್ ಹಾಕಿ, ಬೇಕೆಂದಲ್ಲಿ ನಿಂತು, ಕೂತಲ್ಲೇ ನೀರು ಕುಡಿದು ಮತ್ತೆ ಹೊರಡಬಹುದು. ಮರಳು, ಜಲ್ಲಿ ಇದ್ದ ಕಡೆ ಮಾತ್ರ ಟ್ಯಾಡ್‌ಪೋಲ್ ಹಿಂದಿನ ಚಕ್ರ ಸುಮ್ನೆ ಸುತ್ತುತ್ತೆ, ಅದರ ಮೇಲೆ ಬೀಳುವುದು ಮೂರನೇ ಒಂದು ಪಾಲು ತೂಕ ಅಷ್ಟೇ.

ಆರಾಮದ ಮಾತಿಗೆ ಬಂದರೆ, ಸೀಟಿಗೆ ನಾನು ಮಂಚಕ್ಕೆ ಹಾಕುವ ನವಾರು ಪಟ್ಟಿಯನ್ನೇ ಹೆಣೆದೆ. ಗಾಳಿ ಆಡುತ್ತೆ, ಬೆವರು ನಿಲ್ಲಲ್ಲ, ಹಿಂದಿನ ಹಗ್ಗ ಬಿಗಿ ಮಾಡಿದರೆ ಸೊಂಟದ ಹತ್ತಿರ ಎಷ್ಟು ಬೇಕೋ ಅಷ್ಟು ಆಸರೆ ಸಿಗುತ್ತೆ. ಕೈಗೆ ಭಾರ ಇಲ್ಲ, ಕತ್ತು ಎತ್ತಿ ನೋಡುವ ನೋವಿಲ್ಲ. ಜಾಸ್ತಿ ಒರಗಿದರೆ ಎದುರು ಗಾಳಿಯ ತಡೆ ಕಮ್ಮಿಯಾಗುತ್ತೆ, ಆದರೆ ಮಟಮಟ ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ. ಪೆಡಲ್ ದೂರ ಸರಿಯಾಗಿ ಹೊಂದಿಸಲಿಲ್ಲ ಅಂದರೆ ಮೊಣಕಾಲು ಹಿಡಿದುಕೊಳ್ಳುತ್ತೆ. ಹಿಮ್ಮಡಿ ಪೆಡಲ್ ಮೇಲಿಟ್ಟಾಗ ಕಾಲು ಪೂರ್ತಿ ನೀಳವಾಗಬೇಕು, ಅದು ಲೆಕ್ಕ. ಇನ್ನೊಂದು, ಪೆಡಲ್‌ಗೆ ಪಾದ ಹಿಡಿದಿಡುವ ಪಟ್ಟಿ ಇಲ್ಲದೆ ಟ್ಯಾಡ್‌ಪೋಲ್ ಓಡಿಸಲೇಬೇಡಿ. ಪಾದ ಜಾರಿ ನೆಲಕ್ಕೆ ಬಿದ್ದರೆ ಓಡುತ್ತಿರುವ ಗಾಡಿ ಕಾಲನ್ನು ಕೆಳಕ್ಕೆ ಎಳೆದುಕೊಂಡು ಮೇಲೇ ಹತ್ತುತ್ತೆ. ಮೂಳೆ ಮುರಿಯುವ ವಿಷಯ ಇದು.

ನಮ್ಮ ರಸ್ತೆಗಳು ಬೇರೆ ಲೆಕ್ಕ. ಟ್ರೈಕ್‌ನ ಮೂರು ಚಕ್ರ ಮೂರು ಗೆರೆಯಲ್ಲಿ ಓಡುತ್ತವೆ, ಗುಂಡಿ ತಪ್ಪಿಸಲು ಹೋದರೆ ಯಾವುದಾದರೂ ಒಂದು ಚಕ್ರ ಇಳಿದೇ ಇಳಿಯುತ್ತೆ. ಟ್ಯಾಡ್‌ಪೋಲ್ ತಗ್ಗು, ಎತ್ತರದ ಹಂಪ್ಸ್‌ನಲ್ಲಿ ಸೀಟಿನ ಕೆಳಗಿನ ಪೈಪು ಉಜ್ಜುತ್ತೆ. ಬೀದಿನಾಯಿಗಳ ಮುಖ ನಮ್ಮ ಮುಖದ ಮಟ್ಟಕ್ಕೇ ಇರುತ್ತೆ. ಲಾರಿಯವರಿಗೆ ನಾವು ಕಾಣಲ್ಲ, ಅದಕ್ಕೆ ಉದ್ದನೆಯ ಕೋಲಿಗೆ ಕಿತ್ತಳೆ ಬಾವುಟ, ಹಿಂದೆ ಮಿನುಗುವ ಲೈಟ್ ಹಗಲಲ್ಲೂ ಬೇಕು. ಹೈವೇಗೆ ನಾನು ತೆಗೆದುಕೊಂಡು ಹೋಗಲ್ಲ. ಬೆಳಗಿನ ಜಾವ ಕ್ಯಾತ್ಸಂದ್ರದಿಂದ ಸಿದ್ಧಗಂಗೆ ಕಡೆ, ಇಲ್ಲ ಅಂದರೆ ಹಳ್ಳಿ ರಸ್ತೆಗಳು.

ನನಗೆ ಟ್ಯಾಡ್‌ಪೋಲ್ ಇಷ್ಟ. ಭಾವ ಅದರಲ್ಲಿ ಒಂದು ಸುತ್ತು ಹೋಗಿ ಬಂದು, "ಓಡ್ಸಕ್ಕೆ ಬೆಣ್ಣೆ ಕಣಪ್ಪಾ, ಆದ್ರೆ ಏಳ್ಬೇಕಾದ್ರೆ ಇಬ್ರು ಬೇಕು" ಅಂದರು. ಅವರಿಗೆ ಡೆಲ್ಟಾನೇ ಸರಿ. ಹಾಗಂತ 22 ಡಿಗ್ರಿಯ ಗಾಡಿಯನ್ನು ತಲೆಸುತ್ತು ಇರುವವರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಸೀಟನ್ನು 41 ಸೆಂ.ಮೀ.ಗೆ ಇಳಿಸಿದೆ, 10 ಸೆಂ.ಮೀ. ಹಿಂದಕ್ಕೆ, ಜೋಡಿ ಚಕ್ರದ ಹತ್ತಿರಕ್ಕೆ ತಂದೆ. ಸೀಟು ಹಿಂದೆ ಹೋದಷ್ಟು ಪೆಡಲ್‌ನ ಪೈಪನ್ನೂ ಗಿಡ್ಡ ಮಾಡಿದೆ. ಚಕ್ರ ಅವೇ, ಅಗಲ ಅಷ್ಟೇ. ಮತ್ತೆ ಪ್ಲೈವುಡ್ ಮೇಲೆ ಏರಿಸಿದರೆ 28 ಡಿಗ್ರಿವರೆಗೆ ತಡೆಯಿತು. ಏರಿನಲ್ಲಿ ಮುಂದಿನ ಚಕ್ರ ಸ್ವಲ್ಪ ಹಗುರ ಅನ್ನಿಸುತ್ತೆ, ಭಾವ ಬೆಟ್ಟ ಹತ್ತಲ್ಲ, ಹಾಗಾಗಿ ತೊಂದರೆ ಇಲ್ಲ. ಸೀಟಿನ ಎರಡೂ ಪಕ್ಕ ಕೈ ಊರಿ ತಾವೇ ಏಳುತ್ತಾರೆ. ಬ್ರೇಕ್ ಲಿವರ್‌ಗೆ ಒಂದು ಲಾಕ್ ಹಾಕಿಕೊಟ್ಟಿದ್ದೇನೆ, ಹತ್ತುವಾಗ ಇಳಿಯುವಾಗ ಗಾಡಿ ಉರುಳಬಾರದಲ್ಲ.